ಫೇರ್‌ನೆಸ್ ಕ್ರೀಮ್ ಜಾಹೀರಾತನ್ನು ಮಕ್ಕಳ ಜೊತೆ ಬಿಡಿಸಿ ನೋಡುವುದು ಹೇಗೆ

ಅರ್ಧ ನಿಮಿಷದ ಒಂದೇ ಜಾಹೀರಾತು ಸಾಕು, ಆದರೆ ಮೂರು ಸಲ ನೋಡಬೇಕು. ಮೊದಲ ಸಲ ಮ್ಯೂಟ್ ಮಾಡಿ: ಯಾರು ಯಾರನ್ನು ನೋಡುತ್ತಿದ್ದಾರೆ ಎಂದಷ್ಟೇ ಮಕ್ಕಳು ಬರೆದುಕೊಳ್ಳಲಿ. ಎರಡನೇ ಸಲ ಕಣ್ಣು ಮುಚ್ಚಿ ಕೇಳಲಿ. ಕೊರಗುವ ದನಿ ಯಾರದು, ಪರಿಹಾರ ಹೇಳುವ ದನಿ ಯಾರದು?

ಮೂರನೆಯದೇ ಮುಖ್ಯ. ಹಚ್ಚುವ ಮೊದಲಿನ ಮುಖ, ಹಚ್ಚಿದ ಮೇಲಿನ ಮುಖ ಎರಡನ್ನೂ ಸ್ಕ್ರೀನ್‌ಶಾಟ್ ತೆಗೆದು ಪಕ್ಕಪಕ್ಕ ಇಡಿ. ಮುಖ ಬಿಟ್ಟು ಹಿಂದಿನ ಗೋಡೆ, ಬಟ್ಟೆ, ಕಣ್ಣಿನ ಬಿಳಿಭಾಗ ನೋಡಿ. ಅವೂ ಬೆಳ್ಳಗಾಗಿದ್ದರೆ ಬದಲಾದದ್ದು ಬೆಳಕು. ಆಮೇಲೆ ಭುಜ, ತುಟಿಯಂಚು ಗಮನಿಸಿ. ಮೊದಲಿನ ಚಿತ್ರದಲ್ಲಿ ಜೋತುಬಿದ್ದಿವೆಯೇ? ಕಪ್ಪು ಮೈಬಣ್ಣದವರನ್ನು ಅನಾಕರ್ಷಕರೆಂದೋ ದುಃಖಿಗಳೆಂದೋ ತೋರಿಸಬಾರದೆಂದು ಜಾಹೀರಾತುಗಳ ಸ್ವಯಂ ನಿಯಂತ್ರಣ ಸಂಸ್ಥೆ ಆಸ್ಕಿ 2014ರಲ್ಲೇ ಹೇಳಿದೆ.

‘ಫೇರ್’ ಪದವನ್ನಷ್ಟೇ ಹುಡುಕಿದರೆ ಸಾಲದು. ಫೇರ್ ಅಂಡ್ ಲವ್ಲಿ 2020ರಲ್ಲಿ ಗ್ಲೋ ಅಂಡ್ ಲವ್ಲಿ ಆಯಿತು. ಕಾಂತಿ, ಹೊಳಪು ಎಂಬ ಮಾತು ಬಂದಾಗ ಚಿತ್ರದಲ್ಲಿ ಏನಾಗುತ್ತಿದೆ ನೋಡಿ. ಹುಡುಗರನ್ನೂ ಕೂರಿಸಿಕೊಳ್ಳಿ, ಗಂಡಸರ ಕ್ರೀಮುಗಳೂ ಇವೆ.

ಆರಂಭದಲ್ಲೇ ‘ಇದು ಕೆಟ್ಟ ಜಾಹೀರಾತು’ ಎಂದರೆ ಕೆಲಸ ಕೆಟ್ಟಿತು: ಮಕ್ಕಳು ನೋಡುವುದು ಬಿಟ್ಟು ನಿಮಗೆ ಬೇಕಾದ ಉತ್ತರ ಕೊಡುತ್ತಾರೆ. ಎದುರು ಕೂತ ಮಗುವಿನ ಬಣ್ಣವನ್ನು ಉದಾಹರಣೆಗೆ ಎತ್ತಲೇಬೇಡಿ, ಹೊಗಳುವುದಕ್ಕೂ.

ನಿಯಮ ಮುರಿದಿದೆ ಅನಿಸಿದರೆ ಚಾನೆಲ್, ದಿನಾಂಕ, ಸಮಯ, ಆ ಸ್ಕ್ರೀನ್‌ಶಾಟ್ ಸಮೇತ ಆಸ್ಕಿಗೆ ಆನ್‌ಲೈನ್‌ನಲ್ಲೇ ದೂರು ಕೊಡಬಹುದು.