ಬಾದಾಮಿಯ ಸುತ್ತ ಉಳಿದದ್ದು, ಉಂಡದ್ದು, ಕೊಂಡದ್ದು: ನನ್ನ ಅನುಭವ

ಬಾದಾಮಿ, ಪಟ್ಟದಕಲ್ಲು, ಐಹೊಳೆಗಳಿಗೆ ನಾನು ಮೂರು ಬಾರಿ ಹೋಗಿ ಬಂದಿದ್ದೇನೆ. ಮೊದಲ ಬಾರಿ ಗುಹೆಗಳನ್ನೂ ಗುಡಿಗಳನ್ನೂ ಕಣ್ತುಂಬ ನೋಡಿದೆನಾದರೂ ಊಟ, ವಸತಿ, ಖರೀದಿ ಮೂರರಲ್ಲೂ ಎಡವಿದೆ. ಎಲ್ಲವನ್ನೂ ಒಂದೇ ದಿನದಲ್ಲಿ ಮುಗಿಸುವ ಆತುರದಲ್ಲಿ, ಬಾಡಿಗೆ ಕಾರಿನವರು ನಿಲ್ಲಿಸಿದ ಕಡೆಯೇ ಪನೀರು, ನಾನ್ ತಿಂದು ಎದ್ದೆ. ಮರಳುವ ದಾರಿಯಲ್ಲಿ ಅಮ್ಮನಿಗೆಂದು ಅಂಗಡಿಯೊಂದರಲ್ಲಿ ಕೊಂಡ ಇಳಕಲ್ ಸೀರೆ ಮೊದಲ ಒಗೆತಕ್ಕೇ ಸೆರಗಿನ ಕೆಂಪನ್ನು ಒಡಲಿಗೆಲ್ಲ ಬಿಟ್ಟುಕೊಂಡಿತು. ಅಮ್ಮ ಏನೂ ಅನ್ನದೆ ಅದನ್ನು ಮಡಿಸಿ ಬೀರುವಿನಲ್ಲಿಟ್ಟರು. ಎರಡನೆಯ ಪ್ರವಾಸವನ್ನು ನಾನು ಯೋಜಿಸಿದ್ದು ಆ ಸೀರೆಯನ್ನು ಚೀಲದಲ್ಲಿಟ್ಟುಕೊಂಡೇ. ಈ ಸೀಮೆಯಲ್ಲಿ ಉಣ್ಣುವುದನ್ನು ಅಡುಗೆ ಮಾಡಿದವರ ಕೈಯಿಂದ, ಉಡುವುದನ್ನು ನೇಯ್ದವರ ಮನೆಯಿಂದ ಪಡೆಯಬೇಕು, ದಿನಚರಿಯನ್ನು ಅವರ ಹೊತ್ತಿಗೆ ಹೊಂದಿಸಿಕೊಳ್ಳಬೇಕು ಎಂದು ನಿರ್ಧರಿಸಿದ್ದೆ.

ವಸತಿಯ ವಿಷಯದಲ್ಲಿ ಹೇಳಬೇಕಾದದ್ದು ಹೆಚ್ಚಿಲ್ಲ. ಬಾದಾಮಿಯಲ್ಲಿಯೇ ಮೂರು ರಾತ್ರಿ ತಂಗುವುದು ಒಳ್ಳೆಯದು. ಬೆಂಗಳೂರಿನಿಂದ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿ ರಾತ್ರಿ ಕಳೆದರೆ ಬೆಳಿಗ್ಗೆ ಬಾದಾಮಿಯಲ್ಲಿ ಇಳಿಯಬಹುದು. ನಿಲ್ದಾಣ ಊರಿನಿಂದ ಸುಮಾರು 5 ಕಿಲೋಮೀಟರ್ ದೂರದಲ್ಲಿದ್ದು, ಟಂಟಂ, ಆಟೋಗಳು ಸಿಗುತ್ತವೆ. ಪ್ರವಾಸೋದ್ಯಮ ನಿಗಮದ ಮಯೂರ ಚಾಲುಕ್ಯ ಹೋಟೆಲಿನಲ್ಲಿ ಅಂಗಳವೂ ಮರಗಳೂ ಇರುವುದರಿಂದ ವಯಸ್ಸಾದವರನ್ನು ಕರೆದುಕೊಂಡು ಹೋಗುವವರಿಗೆ ಅದನ್ನೇ ಸೂಚಿಸುತ್ತೇನೆ. ಖರ್ಚು ಕಡಿಮೆ ಮಾಡಿಕೊಳ್ಳಬೇಕೆನ್ನುವವರಿಗೆ ಬಸ್ ನಿಲ್ದಾಣದ ಆಸುಪಾಸಿನ ಲಾಡ್ಜುಗಳಿವೆ. ಮುಂಗಡ ಕೊಡುವ ಮೊದಲು ಕೋಣೆಯನ್ನೂ ನೀರನ್ನೂ ನೋಡಿಕೊಳ್ಳಬೇಕು. ಅಕ್ಟೋಬರಿನಿಂದ ಫೆಬ್ರುವರಿಯವರೆಗೆ ಹೋಗುವುದು ಹಿತಕರ. ಬೇಸಿಗೆಯಲ್ಲಿ ಕೆಂಪು ಬಂಡೆ ಕಾದು, ಗುಹೆಗಳ ಮೆಟ್ಟಿಲು ಹತ್ತುವುದೇ ಶಿಕ್ಷೆಯಾಗುತ್ತದೆ. ಆದರೆ ಪುಷ್ಯ ಮಾಸದ ಬನದ ಹುಣ್ಣಿಮೆಯ ಸುತ್ತ ಬನಶಂಕರಿ ಜಾತ್ರೆ ನಡೆಯುವ ದಿನಗಳಲ್ಲಿ, ಮೊದಲೇ ಕಾಯ್ದಿರಿಸದಿದ್ದರೆ ಕೋಣೆ ಸಿಗುವುದೆಂದು ನಂಬಿ ಹೊರಡಬಾರದು. ಗುಹೆಗಳ ಕಡೆಗೆ ತಿನಿಸಿನ ಚೀಲ ಒಯ್ಯಲೇಬಾರದು, ಅಲ್ಲಿಯ ಮಂಗಗಳು ಕೈಯಿಂದಲೇ ಕಸಿದುಕೊಳ್ಳುತ್ತವೆ.

ಊಟದ ಮಾತಿಗೆ ಬಂದರೆ, ನಾನು ಎಲ್ಲರಿಗೂ ಮೊದಲು ಹೇಳುವ ಜಾಗ ಹೋಟೆಲಲ್ಲ, ಬನಶಂಕರಿ ಗುಡಿಯ ಮುಂದಿನ ಹೊಂಡದ ದಂಡೆ. ಬಾದಾಮಿಯಿಂದ ಸುಮಾರು 5 ಕಿಲೋಮೀಟರ್ ದೂರದ ಚೊಳಚಗುಡ್ಡದಲ್ಲಿರುವ ಈ ಗುಡಿಯ ಎದುರಿಗೆ, ಮೂರು ಬದಿಗೆ ಕಲ್ಲಿನ ಮಂಟಪಗಳಿರುವ ಹರಿದ್ರಾ ತೀರ್ಥವೆಂಬ ದೊಡ್ಡ ಹೊಂಡವಿದೆ. ಸುತ್ತಲಿನ ಹಳ್ಳಿಗಳ ಹೆಂಗಸರು ಬೆಳಿಗ್ಗೆ ಮನೆಯಲ್ಲಿ ರೊಟ್ಟಿ ಬಡಿದು, ಪಲ್ಯ ಮಾಡಿ, ಬುಟ್ಟಿ ತುಂಬಿ ತಲೆಯ ಮೇಲೆ ಹೊತ್ತು ಬರುತ್ತಾರೆ. ದರ್ಶನ ಮುಗಿಸಿ ಹೊರಗೆ ಬಂದೊಡನೆ "ಯವ್ವಾ, ರೊಟ್ಟಿ ಉಣ್ಣ ಬರ್ರಿ" ಎಂದು ಕರೆಯುತ್ತಾರೆ. ನಾನು ಕುಳಿತದ್ದು ಅರವತ್ತು ದಾಟಿದಂತೆ ಕಾಣುತ್ತಿದ್ದ ಒಬ್ಬ ತಾಯಿಯ ಎದುರು. ಅವರು ಬುಟ್ಟಿಯ ಮೇಲಿನ ಒದ್ದೆ ಬಟ್ಟೆ ಸರಿಸಿ ಮೆತ್ತನೆಯ ಎರಡು ಜೋಳದ ರೊಟ್ಟಿ ಹಾಕಿದರು. ಒಂದು ಬದಿಗೆ ಎಣ್ಣೆಗಾಯಿ, ಇನ್ನೊಂದು ಬದಿಗೆ ಮಡಿಕೆ ಕಾಳಿನ ಪಲ್ಯ, ನಡುವೆ ಶೇಂಗಾ ಹಿಂಡಿ (ಚಟ್ನಿಪುಡಿ) ಮತ್ತು ಕೆಂಪು ಖಾರ. ಹಿಂಡಿಯಲ್ಲಿ ಹೆಬ್ಬೆರಳಿನಿಂದ ಗುಳಿ ಮಾಡಿ, ಅದರಲ್ಲಿ ಗಡಿಗೆಯ ಗಟ್ಟಿ ಮೊಸರು ಬಿಟ್ಟು, "ಕಲಸಿ ಉಣ್ಣ್ರಿ, ಖಾರ ಹತ್ತಂಗಿಲ್ಲ" ಎಂದರು. ಹಸಿ ಉಳ್ಳಾಗಡ್ಡಿ, ಎಳೆಯ ಮೆಂತ್ಯದ ಸೊಪ್ಪು ಕಚ್ಚಿಕೊಳ್ಳಲು ಇದ್ದವು. ಹೊಲದ ಜೋಳ ಆ ದಿನವೇ ರೊಟ್ಟಿಯಾದಾಗ ಬರುವ ಸಿಹಿಯನ್ನು ನಾನು ಬೆಂಗಳೂರಿನ ಯಾವ ಖಾನಾವಳಿಯಲ್ಲಿಯೂ ಕಂಡಿಲ್ಲ.

ಬನಶಂಕರಿಯನ್ನು ಶಾಕಾಂಬರಿ ಎಂದೂ ಪೂಜಿಸುತ್ತಾರೆ. ಜಾತ್ರೆಯ ಹೊತ್ತಿನ ಪಲ್ಲೇದ ಹಬ್ಬದಲ್ಲಿ ದೇವಿಗೆ 108 ಬಗೆಯ ತರಕಾರಿ ಅಡುಗೆಗಳ ನೈವೇದ್ಯವಾಗುತ್ತದೆ. ಸೊಪ್ಪು, ಕಾಯಿಗಳ ದೇವಿಯ ಎದುರಿಗೆ ಈ ಊಟ ಬೆಳೆದು ನಿಂತಿರುವುದು ಸಹಜವೆಂದೇ ನನಗೆ ತೋರುತ್ತದೆ. ಮಧ್ಯಾಹ್ನ ಒಂದು ಗಂಟೆಯೊಳಗೆ ಹೋಗಬೇಕು. ನಾನೊಮ್ಮೆ ಮೂರರ ಹೊತ್ತಿಗೆ ಹೋದಾಗ ಬುಟ್ಟಿಗಳೆಲ್ಲ ಬರಿದಾಗಿದ್ದವು. ಚಿಲ್ಲರೆ ಹಣ ಇಟ್ಟುಕೊಂಡಿರಬೇಕು, ಮತ್ತು ಇಲ್ಲಿ ದಯವಿಟ್ಟು ಚೌಕಾಸಿ ಮಾಡಬಾರದು. ರಾತ್ರಿಯ ಊಟಕ್ಕೆ ಊರೊಳಗಿನ ಲಿಂಗಾಯತ ಖಾನಾವಳಿಗಳು ಸಾಕು. ಸಂಜೆ ಅಗಸ್ತ್ಯ ತೀರ್ಥದ ದಂಡೆಯಲ್ಲಿ ಭೂತನಾಥ ಗುಡಿಯವರೆಗೆ ನಡೆದು ಬಂದು, ಪೇಟೆಯಲ್ಲಿ ಗಿರಮಿಟ್ಟು, ಮಿರ್ಚಿ, ಚಹಾ ತೆಗೆದುಕೊಳ್ಳುವುದು ನನ್ನ ರೂಢಿಯಾಯಿತು.

ಮೂರನೆಯ ದಿನವನ್ನು ಪೂರ್ತಿಯಾಗಿ ಇಳಕಲ್ಲಿಗೆ ಮೀಸಲಿಟ್ಟೆ. ಪಟ್ಟದಕಲ್ಲು, ಐಹೊಳೆಗಳನ್ನು ಹಿಂದಿನ ದಿನವೇ ನೋಡಿದ್ದೆನಾದ್ದರಿಂದ ಅವಸರವಿರಲಿಲ್ಲ. ಲಾಡ್ಜಿನವರು ಪರಿಚಯಿಸಿದ ನೇಕಾರರೊಬ್ಬರ ಮನೆಗೆ ಹೋಗಿ, ಬಣ್ಣ ಬಿಟ್ಟ ನನ್ನ ಸೀರೆಯನ್ನು ಬಿಚ್ಚಿ ತೋರಿಸಿದೆ. ಅವರು ಬಣ್ಣವನ್ನು ನೋಡಲೇ ಇಲ್ಲ. ಒಡಲು ಮುಗಿದು ಸೆರಗು ಶುರುವಾಗುವ ಗೆರೆಯನ್ನು ಬೆರಳುಗಳ ನಡುವೆ ಹಿಡಿದು, ಬೆಳಕಿಗೆ ಒಡ್ಡಿ, "ಇದರಾಗ ಕೊಂಡಿ ಇಲ್ರಿ" ಎಂದರು. ಆಮೇಲೆ ಮಗ್ಗದ ಮೇಲಿದ್ದ ಸೀರೆಯ ಬಳಿಗೆ ಕರೆದೊಯ್ದರು. ಇಳಕಲ್ ಕೈಮಗ್ಗದಲ್ಲಿ ಒಡಲಿನ ಹಾಸನ್ನೂ (ಉದ್ದಕ್ಕೆ ಹೂಡುವ ಎಳೆಗಳನ್ನೂ) ಸೆರಗಿನ ಹಾಸನ್ನೂ ಬೇರೆ ಬೇರೆಯಾಗಿ ಸಿದ್ಧಮಾಡಿಕೊಂಡು, ಒಂದರ ಕುಣಿಕೆಯೊಳಗೆ ಇನ್ನೊಂದರ ಕುಣಿಕೆಯನ್ನು ಸಿಕ್ಕಿಸಿ, ಎಳೆ ಎಳೆಯಾಗಿ ಜೋಡಿಸುತ್ತಾರೆ; ಆ ಜೋಡಣೆಯೇ ಕೊಂಡಿ. ಹೀಗೆ ಜೋಡಿಸುವುದರಿಂದ ಪ್ರತಿಯೊಂದು ಸೀರೆಗೂ ಅದರದೇ ಹಾಸು ಬೇಕಾಗುತ್ತದೆ. ಆ ಗೆರೆಯ ಮೇಲೆ ಉಗುರು ಆಡಿಸಿದಾಗ ಸಣ್ಣ ಕುಣಿಕೆಗಳ ಸಾಲು ಬೆರಳಿಗೆ ತಾಗಿತು. ನನ್ನ ಸೀರೆಯಲ್ಲಿ ಅದೇ ಜಾಗ ನುಣುಪಾಗಿತ್ತು.

ಸೆರಗಿನ ಕೆಂಪು ರೇಷ್ಮೆಯ ಮೇಲೆ ಬಿಳಿಯಲ್ಲಿ ಮೂಡುವ ವಿನ್ಯಾಸಗಳ ಹೆಸರುಗಳನ್ನು ಅವರ ಮನೆಯಾಕೆ ಒಂದೊಂದಾಗಿ ಹೇಳಿದರು: ಬಾಚಣಿಗೆಯ ಹಲ್ಲಿನಂತಿರುವುದು ಹಣಿಗೆ, ಕೋಟೆಯ ತೆನೆಯಂತಿರುವುದು ಕೋಟಿಕೊಮ್ಮೆ, ಜೋಳದ ತೆನೆಯಂತಿರುವುದು ಟೋಪುತೆನೆ, ಬೆಟ್ಟಸಾಲಿನಂತಿರುವುದು ರಂಪ. ಹಿಂದಿನ ದಿನ ಹೊಂಡದ ದಂಡೆಯಲ್ಲಿ ಉಂಡ ಜೋಳವೇ ಇಲ್ಲಿ ಸೆರಗಿನಲ್ಲಿ ನಿಂತಿತ್ತು. ದಡಿಗಳಲ್ಲಿ, ಅಂದರೆ ಸೀರೆಯ ಅಂಚುಗಳಲ್ಲಿ, ಗೋಮಿ, ಪರಾಸಪೇಟೆ, ಗಾಡಿ, ಚಿಕ್ಕಿ ಎಂಬ ಬಗೆಗಳಿವೆ. ಕೊಳ್ಳುವವರು ಕೇಳಲೇಬೇಕಾದ ಪ್ರಶ್ನೆಯೆಂದರೆ ಒಡಲು ಹತ್ತಿಯೋ, ರೇಷ್ಮೆಯೋ, ಚಮಕಾ ಎನ್ನುವ ಕೃತಕ ರೇಷ್ಮೆಯೋ ಎಂಬುದು; ನೇರವಾಗಿ ಕೇಳಿದರೆ ನೇಕಾರರು ನೇರವಾಗಿಯೇ ಹೇಳುತ್ತಾರೆ, ಬೆಲೆಯ ವ್ಯತ್ಯಾಸವೂ ಅದರಿಂದಲೇ ಅರ್ಥವಾಗುತ್ತದೆ. ಸಿದ್ಧವಿದ್ದ ಸೀರೆಗಳಲ್ಲಿ ಅಮ್ಮನಿಗೆ ಬೇಕಾದ ಗಿಣಿ ಹಸಿರು ಇರಲಿಲ್ಲ. ಮುಂಗಡ ಕೊಟ್ಟು, ಹತ್ತಿಯ ಒಡಲು, ರೇಷ್ಮೆಯ ಸೆರಗು, ಗೋಮಿ ದಡಿ ಎಂದು ಹೇಳಿ ಬಂದೆ.

ಐಹೊಳೆಯಿಂದ ಇಳಕಲ್ಲಿಗೆ ಹೋಗುವ ದಾರಿಯಲ್ಲಿ ಸಿಗುವ ಅಮೀನಗಡದ ಕರದಂಟನ್ನು ಬಿಟ್ಟು ಬರಬಾರದು. ಮರದ ಅಂಟನ್ನು ಕರಿದು, ಬೆಲ್ಲ, ಕೊಬ್ಬರಿ, ಉತ್ತತ್ತಿ, ಗೋಡಂಬಿ ಸೇರಿಸಿ ಮಾಡುವ ಈ ತಿನಿಸನ್ನು ಬಾಣಂತಿಯರಿಗೂ ಕೊಡುತ್ತಾರೆ. ಬಹಳ ದಿನ ಕೆಡದಿರುವುದರಿಂದ ಪ್ರಯಾಣಕ್ಕೆ ಹೇಳಿಮಾಡಿಸಿದಂತಿದೆ. ರವಿಕೆಗೆ ಗುಳೇದಗುಡ್ಡದ ಖಣವನ್ನು ಆ ಊರಿನಲ್ಲಿಯೇ ಕೊಳ್ಳಬೇಕು. ತ್ರಿಕೋನಾಕಾರದಲ್ಲಿ ಮಡಿಸಿಟ್ಟ ಖಣಗಳಲ್ಲಿ ತೇರು, ಸೂಜಿಮಲ್ಲಿಗೆ, ಆನೆಹೆಜ್ಜೆಯ ವಿನ್ಯಾಸಗಳನ್ನು ಬಿಚ್ಚಿಸಿ ನೋಡಿ, ಸೀರೆಯ ದಡಿಗೆ ಹೊಂದಿಸಿ ತೆಗೆದುಕೊಳ್ಳಬಹುದು. ಖಡಕ್ ರೊಟ್ಟಿಯನ್ನು ಮಾತ್ರ ಕೊನೆಯ ದಿನ ಕೊಂಡು, ಗಟ್ಟಿ ಡಬ್ಬಿಯಲ್ಲಿ ಇಡಬೇಕು. ಚೀಲದಲ್ಲಿ ತಂದ ನನ್ನ ಮೊದಲ ಕಟ್ಟು ರೈಲಿನಲ್ಲಿಯೇ ಪುಡಿಯಾಗಿತ್ತು.

ಮೂರನೆಯ ಬಾರಿ ಅಮ್ಮನೂ ಜೊತೆಗೆ ಬಂದರು. ನೇಕಾರರ ಮನೆಯಲ್ಲಿ ಹಸಿರು ಸೀರೆಯ ಮಡಿಕೆ ಬಿಚ್ಚಿದಾಗ ಅಮ್ಮ ಮೊದಲು ಸೆರಗಿನ ಅಂದ ನೋಡಲಿಲ್ಲ. ಕನ್ನಡಕ ಹಾಕಿಕೊಂಡು, ಒಡಲು ಸೆರಗು ಕೂಡುವ ಗೆರೆಯನ್ನು ಹುಡುಕಿ, ಅದರುದ್ದಕ್ಕೂ ಹೆಬ್ಬೆರಳು ಆಡಿಸಿದರು.