ಪಡುಬಿದ್ರಿಗೆ ಎಷ್ಟು ಅಕ್ಷರ?

ನನಗೆ ಪದಬಂಧ ಕಟ್ಟುವ ಹುಚ್ಚು. ಕನ್ನಡ ಪದವನ್ನು ಚೌಕಕ್ಕೊಂದು ಅಕ್ಷರದಂತೆ ಒಡೆಯಲು ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸಣ್ಣ ಲೈಬ್ರರಿ (ಬೇರೆ ಪ್ರೋಗ್ರಾಂಗಳು ಕರೆದು ಬಳಸುವ ಕೋಡ್) ಬರೆದಿದ್ದೆ. ಒತ್ತಕ್ಷರ ಮುರಿಯದ ಹಾಗೆ ನೋಡಿಕೊಳ್ಳುವುದೇ ಅದರ ಮುಖ್ಯ ಕೆಲಸ. ಮಣಿಪಾಲದ ಗೆಳೆಯನಿಗೆ ಅದು ಪೈಥಾನ್ ಎಂಬ ಇನ್ನೊಂದು ಭಾಷೆಯಲ್ಲಿ ಬೇಕಾಯಿತು. "ಪೈಥಾನ್‌ನಲ್ಲೇ ಇನ್ನೊಮ್ಮೆ ಬರಿ ಮಾರಾಯ" ಅಂದ. ಆಮೇಲೆ ಒಂದೇ ತಪ್ಪನ್ನು ಎರಡೂ ಕಡೆ ತಿದ್ದುತ್ತಾ ಕೂರುವುದು ಯಾರು?

ರಸ್ಟ್‌ಗೆ ಪೈಥಾನ್ ಬರುವುದಿಲ್ಲ, ಪೈಥಾನ್‌ಗೆ ರಸ್ಟ್ ಬರುವುದಿಲ್ಲ. ಇಬ್ಬರಿಗೂ ಸಿ ಭಾಷೆ ಬರುತ್ತದೆ. ಮಂಗಳೂರಿನ ಮಾರ್ಕೆಟ್‌ನಲ್ಲಿ ಮನೆಮಾತು ಕೊಂಕಣಿಯಾದವರೂ ಬ್ಯಾರಿಯಾದವರೂ ತುಳುವಿನಲ್ಲಿ ಚೌಕಾಸಿ ಮಾಡುತ್ತಾರಲ್ವಾ, ಹಾಗೆ. ಲೈಬ್ರರಿಯನ್ನು ಸಿ ರೀತಿಯಲ್ಲಿ ಕರೆಯಬಹುದಾದ ಸಿಡೈಲಿಬ್ ಆಗಿ ಕಟ್ಟಿ, ಸಿ ಲೈಬ್ರರಿಗಳನ್ನು ಕರೆಯಲೆಂದೇ ಪೈಥಾನ್‌ನಲ್ಲಿರುವ ಸಿಟೈಪ್ಸ್‌ನಿಂದ ಕರೆದೆ. ಕೂಡಲೇ ಸೆಗ್ಮೆಂಟೇಶನ್ ಫಾಲ್ಟ್, ಅಂದರೆ ಮುಟ್ಟಬಾರದ ಮೆಮೊರಿ ಮುಟ್ಟಿ ಪ್ರೋಗ್ರಾಂ ನಿಂತುಹೋಯಿತು. ಫಂಕ್ಷನ್ ಏನು ವಾಪಸ್ ಕೊಡುತ್ತದೆ ಎಂದು ಹೇಳದಿದ್ದರೆ ಸಿಟೈಪ್ಸ್ ಅದನ್ನು ಸಾಮಾನ್ಯ ಇಂಟ್ (32 ಬಿಟ್‌ನ ಪೂರ್ಣಾಂಕ) ಅಂದುಕೊಳ್ಳುತ್ತದೆ. ನಾನು ವಾಪಸ್ ಕೊಟ್ಟ 64 ಬಿಟ್‌ನ ಮೆಮೊರಿ ವಿಳಾಸ 32ಕ್ಕೆ ತುಂಡಾಗಿತ್ತು. ವಾಪಸ್ ಬರುವುದು ಯಾವ ಬಗೆಯದು ಎಂದು ಹೇಳುವ ರೆಸ್‌ಟೈಪ್ ಬರೆದ ಮೇಲೆ ಸರಿಯಾಯಿತು.

ನಿಜವಾಗಿ ತಲೆ ತಿಂದದ್ದು ಮುಂದಿನದು. ಪ್ರತಿ ಅಕ್ಷರ ಎಲ್ಲಿ ಶುರುವಾಗುತ್ತದೆ ಎಂಬ ಅಂಕಿಗಳನ್ನು ನಾನು ವಾಪಸ್ ಕೊಡುತ್ತಿದ್ದೆ. 'ಪಡುಬಿದ್ರಿ'ಗೆ ಬಂದದ್ದು 0, 3, 9, 15. ಆ ಅಂಕಿಗಳಲ್ಲಿ ಪದವನ್ನು ಕತ್ತರಿಸಿದ ಗೆಳೆಯನ ಕಡೆ ಮೊದಲ ಚೌಕದಲ್ಲಿ 'ಪಡು', ಎರಡನೆಯದರಲ್ಲಿ 'ಬಿದ್ರಿ', ಉಳಿದೆರಡು ಖಾಲಿ! ತುಳುವಿನಲ್ಲಿ ಪಡು ಅಂದರೆ ಪಶ್ಚಿಮ. ನಮ್ಮ ಪ್ರೋಗ್ರಾಂ ತುಳು ಕಲಿತು ಊರಿನ ಹೆಸರನ್ನು ಬಿಡಿಸಿತೇ ಎಂದು ಇಬ್ಬರೂ ನಕ್ಕೆವು.

ರಸ್ಟ್ ಎಣಿಸುವುದು ಬೈಟ್‌ಗಳನ್ನು. ಯುಟಿಎಫ್-8 ಎಂಬ, ಪಠ್ಯವನ್ನು ಬೈಟ್‌ಗಳಾಗಿ ಬರೆದಿಡುವ ಪದ್ಧತಿಯಲ್ಲಿ ಕನ್ನಡದ ಪ್ರತಿ ಯೂನಿಕೋಡ್ ಸಂಕೇತಕ್ಕೆ 3 ಬೈಟ್. ಪೈಥಾನ್ ಎಣಿಸುವುದು ಸಂಕೇತಗಳನ್ನು. ಗುಣಿತದ ಚಿಹ್ನೆ, ಹಲಂತ ಎಲ್ಲವೂ ಅದಕ್ಕೆ ಒಂದೊಂದು. ಹಾಗಾಗಿ ಪಡುಬಿದ್ರಿ ರಸ್ಟ್‌ಗೆ 27, ಪೈಥಾನ್‌ಗೆ 9, ನಮಗೆ 4. ಇಂಗ್ಲಿಷ್ ಪದಗಳಲ್ಲಿ ಬೈಟೂ ಸಂಕೇತವೂ ಒಂದೇ ಲೆಕ್ಕ, ಅದಕ್ಕೇ ನನ್ನ ಟೆಸ್ಟ್‌ಗಳೆಲ್ಲ ಪಾಸಾಗಿದ್ದವು. ಕನ್ನಡದ ಲೈಬ್ರರಿಗೆ ಇಂಗ್ಲಿಷ್ ಟೆಸ್ಟ್ ಬರೆದದ್ದು ನನ್ನದೇ ಸೋಮಾರಿತನ.

3ರಿಂದ ಭಾಗಿಸಿದರೆ ಸಾಕು ಅನಿಸಿತು. ಆದರೆ ನಡುವೆ ಒಂದು ಹೈಫನ್ ಬಂದರೂ ಲೆಕ್ಕ ಕೆಡುತ್ತದೆ, ಅದಕ್ಕೆ 1 ಬೈಟ್ ಮಾತ್ರ. ಕೊನೆಗೆ ಅಂಕಿ ಕೊಡುವುದನ್ನೇ ಬಿಟ್ಟೆ. ಒಡೆದ ಅಕ್ಷರಗಳನ್ನೇ, ಸಾಲಿಗೊಂದರಂತೆ, ಒಂದೇ ಸ್ಟ್ರಿಂಗ್ (ಪಠ್ಯದ ತುಣುಕು) ಮಾಡಿ ಕಳಿಸಿದೆ.

ಆಗ ಮೆಮೊರಿ ಸೋರಲು ಶುರುವಾಯಿತು, ಅಂದರೆ ಬಳಸಿ ಮುಗಿದ ಮೆಮೊರಿ ವಾಪಸ್ ಹೋಗುತ್ತಿರಲಿಲ್ಲ. ಪಕ್ಕದ ಮನೆಯಿಂದ ಸಾರು ಬಂದರೆ ನಮ್ಮ ಪಾತ್ರೆಗೆ ಬಗ್ಗಿಸಿಕೊಂಡು ಅವರ ಪಾತ್ರೆ ವಾಪಸ್ ಕೊಡಬೇಕಲ್ವಾ? ರೆಸ್‌ಟೈಪನ್ನು ಸಿ-ಚಾರ್-ಪಿ (ಸಿ ಭಾಷೆಯ ಸ್ಟ್ರಿಂಗ್) ಎಂದು ಕೊಟ್ಟರೆ ಪೈಥಾನ್ ಸಾರು ಬಗ್ಗಿಸಿಕೊಂಡು ಪಾತ್ರೆಯ ವಿಳಾಸ ಮರೆತುಬಿಡುತ್ತದೆ. ವಾಯ್ಡ್ ಪಾಯಿಂಟರ್ (ಬರೀ ವಿಳಾಸ) ಆಗಿ ತೆಗೆದುಕೊಂಡು, ನಕಲು ಮಾಡಿ, ಬಿಡುಗಡೆಗೆಂದೇ ರಸ್ಟ್‌ನಲ್ಲಿ ಬರೆದ ಇನ್ನೊಂದು ಫಂಕ್ಷನ್ ಕರೆದ ಮೇಲೆ ನಿಂತಿತು.

ರಸ್ಟನ್ನು ಪೈಥಾನ್‌ಗೆ ಜೋಡಿಸುವ ಪೈಓತ್ರೀ ಎಂಬ ಸಲಕರಣೆ ಬಳಸಿದ್ದರೆ ಈ ಒದ್ದಾಟ ಜಾಸ್ತಿ ಇರುತ್ತಿರಲಿಲ್ಲ, ಗೊತ್ತು. ಆದರೆ ಅದು ಪೈಥಾನ್‌ಗೆ ಮಾತ್ರ. ಸಿ ದಾರಿಯಲ್ಲಿ ನಾಳೆ ಇನ್ನೊಂದು ಭಾಷೆಯೂ ಬರಬಹುದು. ಸದ್ಯಕ್ಕೆ ಗೆಳೆಯ ವಿಂಡೋಸ್‌ಗೆ ಡಿಎಲ್‌ಎಲ್ (ಅಲ್ಲಿಯ ಲೈಬ್ರರಿ ಫೈಲ್) ಕಟ್ಟಿಕೊಡು ಅನ್ನುತ್ತಿದ್ದಾನೆ. ಭಾನುವಾರ ನೋಡಬೇಕು.