ಸೋಯಾ ಎಣ್ಣೆ ತಿನ್ನಬಹುದೇ? ಪೊಟ್ಟಣ ತಿರುಗಿಸಿ ನೋಡುವುದು ಹೇಗೆ

ತುಮಕೂರಿನ ನಮ್ಮ ಬೀದಿಯಲ್ಲಿ ಥೈರಾಯ್ಡ್ ಮಾತ್ರೆ ನುಂಗುವ ಅಕ್ಕ ಒಬ್ಬರಿದ್ದಾರೆ. ಕಳೆದ ತಿಂಗಳು ಅವರು ಒಂದು ಕೈಯಲ್ಲಿ ಸೋಯಾಬೀನ್ ಎಣ್ಣೆಯ ಪೊಟ್ಟಣ, ಇನ್ನೊಂದು ಕೈಯಲ್ಲಿ ಮೊಮ್ಮಗ ತಿನ್ನುವ ಕ್ರೀಂ ಬಿಸ್ಕತ್ತು ಹಿಡಿದು ನಮ್ಮ ಮನೆಗೆ ಬಂದರು. ಸೋಯಾ ಥೈರಾಯ್ಡ್ ಕೆಡಿಸುತ್ತದೆ, ಗಂಡಸರ ಶಕ್ತಿ ಕುಂದಿಸುತ್ತದೆ ಎಂದು ಅವರ ಮೊಬೈಲಿಗೆ ಸಂದೇಶ ಬಂದಿತ್ತು. "ಎರಡನ್ನೂ ಎಸೆದುಬಿಡಲೇ?" ಎಂದು ಕೇಳಿದರು. ಎಣ್ಣೆಯನ್ನು ಎಸೆಯಬೇಡಿ, ಕುಳಿತುಕೊಳ್ಳಿ, ಲೆಕ್ಕ ಹಾಕೋಣ ಎಂದೆ. ಅಂದು ನಾವಿಬ್ಬರೂ ನೋಡಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು: ಎಣ್ಣೆ ಬೇರೆ, ಕಾಳು ಬೇರೆ

ಪಾವಗಡ, ಶಿರಾ, ಮಧುಗಿರಿಯ ಹೊಲಗಳಲ್ಲಿ ಕಡಲೆಕಾಯಿ ಕಿತ್ತು ಬೆಳೆದವರಿಗೆ ಸೋಯಾ ಅಪರಿಚಿತ ಬೆಳೆ. ನಮ್ಮ ರಾಜ್ಯದಲ್ಲಿ ಅದು ಬೀದರ್, ಬೆಳಗಾವಿ, ಧಾರವಾಡದ ಕಡೆ ಬೆಳೆಯುತ್ತದೆ. ದೇಶಕ್ಕೆ ಬೇಕಾದ ಸೋಯಾ ಎಣ್ಣೆಯ ದೊಡ್ಡ ಪಾಲು ಅರ್ಜೆಂಟೀನಾ, ಬ್ರೆಜಿಲ್‌ನಿಂದ ಹಡಗಿನಲ್ಲಿ ಬರುತ್ತದೆ. ಕಡಲೆಬೀಜದಲ್ಲಿ ತೂಕದ ಸುಮಾರು ಅರ್ಧದಷ್ಟು ಎಣ್ಣೆ ಇರುವುದರಿಂದ ಗಾಣಕ್ಕೆ ಹಾಕಿದರೆ ಸಾಕು, ಒಸರುತ್ತದೆ. ಸೋಯಾ ಕಾಳಿನಲ್ಲಿರುವುದು ಶೇ 20ರ ಆಸುಪಾಸು. ಹಾಗಾಗಿ ಕಾರ್ಖಾನೆಗಳಲ್ಲಿ ಹೆಕ್ಸೇನ್ ಎಂಬ ದ್ರಾವಕದಲ್ಲಿ ನೆನೆಸಿ ಎಣ್ಣೆ ಬಿಡಿಸುತ್ತಾರೆ. ದ್ರಾವಕವನ್ನು ಆವಿಯಾಗಿಸುತ್ತಾರೆ, ಎಣ್ಣೆಯ ಅಂಟು ತೆಗೆಯುತ್ತಾರೆ, ಕ್ಷಾರ ಬೆರೆಸಿ ಆಮ್ಲ ಕಳೆಯುತ್ತಾರೆ, ಜೇಡಿಮಣ್ಣಿನಲ್ಲಿ ಸೋಸಿ ಬಣ್ಣ ಇಳಿಸುತ್ತಾರೆ, ಕೊನೆಗೆ 230 ಡಿಗ್ರಿ ಮೀರಿದ ಶಾಖದಲ್ಲಿ ಹಬೆ ಹಾಯಿಸಿ ವಾಸನೆ ಕಳೆಯುತ್ತಾರೆ.

ಜನ ಹೆದರುವ ವಸ್ತುವಿನ ಹೆಸರು ಐಸೊಫ್ಲೇವೋನ್. ಹೆಣ್ಣಿನ ಹಾರ್ಮೋನಾದ ಈಸ್ಟ್ರೊಜೆನ್‌ನ ರಚನೆಯನ್ನು ಹೋಲುವ, ಆದರೆ ಅದಕ್ಕಿಂತ ಬಹಳ ದುರ್ಬಲವಾದ ಸಸ್ಯವಸ್ತು ಅದು. ಅದೂ ಪ್ರೋಟೀನೂ ಹಿಂಡಿಯಲ್ಲಿ ಉಳಿದುಬಿಡುತ್ತವೆ. ಶುದ್ಧೀಕರಿಸಿದ ಎಣ್ಣೆಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಸೋಯಾ ಆಹಾರವನ್ನೇ ತಿಂದ ಗಂಡಸರ ಮೇಲಿನ ಪ್ರಯೋಗಗಳನ್ನು ಒಟ್ಟುಗೂಡಿಸಿ 2010ರಲ್ಲಿ, ಮತ್ತೆ 2021ರಲ್ಲಿ ಪರಿಶೀಲಿಸಿದಾಗಲೂ ಟೆಸ್ಟೊಸ್ಟೆರೋನ್ ಮಟ್ಟ ಬದಲಾಗಿದ್ದು ಕಂಡುಬರಲಿಲ್ಲ.

ಎರಡನೆಯದು: ತಿಂಗಳ ಎಣ್ಣೆ ಅಳೆಯಿರಿ

ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯ. ಯಾವ ಎಣ್ಣೆ ಎಂದು ವಾದ ಮಾಡುವವರಲ್ಲಿ ಎಷ್ಟು ಎಣ್ಣೆ ಎಂದು ಅಳೆದವರನ್ನು ನಾನು ಕಂಡಿದ್ದು ಕಡಿಮೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯ ದಿನದ ತಟ್ಟೆಯಲ್ಲಿ, 2000 ಕ್ಯಾಲರಿ ಊಟಕ್ಕೆ ಎಣ್ಣೆ, ತುಪ್ಪ ಎಲ್ಲ ಸೇರಿ 27 ಗ್ರಾಂ ಇದೆ. ಅಂದರೆ ಆರು ಟೀ ಚಮಚ. ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ನಾಲ್ಕು ಜನ ದೊಡ್ಡವರ ಮನೆಗೆ ತಿಂಗಳಿಗೆ ಮೂರೂವರೆ ಲೀಟರ್ ಆಯಿತು. ಇದರಲ್ಲೇ ದೋಸೆಗೆ ಹಾಕುವ ತುಪ್ಪ, ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಯ ಮೇಲೆ ಕರಗುವ ಬೆಣ್ಣೆ, ಸಂಜೆಯ ಬಜ್ಜಿ ಎಲ್ಲವೂ ಸೇರಬೇಕು.

ಅಳೆಯುವ ವಿಧಾನ ಸುಲಭ. ಹೊಸ ಪೊಟ್ಟಣ ಕತ್ತರಿಸಿದ ದಿನ ಅದರ ಮೇಲೆ ಪೆನ್ನಿನಿಂದ ತಾರೀಖು ಬರೆಯಿರಿ. ಖಾಲಿಯಾದ ದಿನವನ್ನೂ ಬರೆದು, ಪೊಟ್ಟಣವನ್ನು ತಿಂಗಳ ಕೊನೆಯವರೆಗೆ ತೆಗೆದಿಡಿ. ಬಾಣಲೆಗೆ ಸುರಿಯುವಾಗ ಚಮಚದಲ್ಲೇ ಹಾಕಿ. ಅಕ್ಕನ ಮನೆಯಲ್ಲಿ ನಾಲ್ವರಿಗೆ ಐದು ಪೊಟ್ಟಣ ಮುಗಿದಿದ್ದವು.

ಮೂರನೆಯದು: ಯಾವ ಕೆಲಸಕ್ಕೆ ಯಾವ ಎಣ್ಣೆ

ಸೋಯಾ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಲಿನೋಲಿಕ್ ಆಮ್ಲ, ಅಂದರೆ ಒಮೆಗಾ 6. ರಕ್ತದಲ್ಲಿ ಕೆಟ್ಟ ಕೊಲೆಸ್ಟರಾಲ್ ಏರಿಸುವ ಸ್ಯಾಚುರೇಟೆಡ್ ಕೊಬ್ಬು ಶೇ 15ರಷ್ಟು. ತಾಳೆ ಎಣ್ಣೆಯಲ್ಲಿ ಅದು ಅರ್ಧದಷ್ಟಿರುತ್ತದೆ, ನಮ್ಮ ತಿಪಟೂರಿನ ಕೊಬ್ಬರಿ ಎಣ್ಣೆಯಲ್ಲಂತೂ ಇನ್ನೂ ಹೆಚ್ಚು. ಸೋಯಾದಲ್ಲಿ ಶೇ 7ರಷ್ಟು ಒಮೆಗಾ 3 ಕೂಡ ಇದೆ; ಮೀನಿನಲ್ಲೂ ಸಿಗುವ ಬಗೆಯ ಕೊಬ್ಬು ಅದು. ಕಡಲೆಕಾಯಿ, ಸೂರ್ಯಕಾಂತಿ ಎಣ್ಣೆಗಳಲ್ಲಿ ಅದು ಇಲ್ಲವೇ ಇಲ್ಲ ಎನ್ನಬಹುದು. ಮೀನು ತಿನ್ನದ ಮನೆಗಳಿಗೆ ಇದು ಸಣ್ಣ ಲಾಭವಲ್ಲ.

ಅದೇ ಒಮೆಗಾ 3 ಕಾಯಿಸಿದಷ್ಟೂ ಬೇಗ ಕೆಡುತ್ತದೆ. ಹಾಗಾಗಿ ಸೋಯಾ ಎಣ್ಣೆಯನ್ನು ಒಗ್ಗರಣೆಗೆ, ಪಲ್ಯಕ್ಕೆ, ಸಾರಿಗೆ ಇಟ್ಟುಕೊಳ್ಳಿ. ವಡೆ, ಕೋಡುಬಳೆ ಕರಿಯುವ ದಿನ ಕಡಲೆಕಾಯಿ ಎಣ್ಣೆ ತೆಗೆಯಿರಿ. ಕರಿದ ಎಣ್ಣೆಯನ್ನು ಸೋಸಿ ಒಂದೆರಡು ದಿನದೊಳಗೆ ಒಗ್ಗರಣೆಗೆ ಮುಗಿಸಿ. ಮತ್ತೆ ಮತ್ತೆ ಕರಿಯಬೇಡಿ. ಕಾಯಿಸಿದ ಎಣ್ಣೆಯಲ್ಲಿ ಹಾಳಾದ ಅಂಶ ಶೇ 25 ಮೀರಿದರೆ ಅದನ್ನು ಬಳಸಬಾರದೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2018ರಿಂದ ನಿಯಮ ಮಾಡಿದೆ. ಮನೆಯಲ್ಲಿ ಉಪಕರಣವಿಲ್ಲ, ಕಣ್ಣು ಮೂಗು ಇವೆ: ಬಣ್ಣ ಕಪ್ಪಾಗಿ, ಅಂಟಂಟಾಗಿ, ಬಿಸಿ ಮಾಡಿದೊಡನೆ ನೊರೆ ಎದ್ದು ಹೊಗೆಯಾಡಿದರೆ ಮುಗಿಯಿತು.

ಗಾಣದ ಎಣ್ಣೆಯ ಅಭಿಮಾನಿಗಳಿಗೆ ಒಂದು ಮಾತು. ನಾನೂ ಗಾಣದ ಎಣ್ಣೆ ತರುತ್ತೇನೆ, ಆದರೆ ಗಾಣಕ್ಕೆ ಬೀಳುವ ಬೀಜವನ್ನು ನೋಡಿಯೇ ತರುತ್ತೇನೆ. ಕಿತ್ತ ಬಳ್ಳಿ ಮಳೆಗೆ ನೆನೆದರೆ ಬೀಜಕ್ಕೆ ಬೂಷ್ಟು ಹಿಡಿಯುತ್ತದೆ. ಅದರಿಂದ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷ ಗಾಣದ ಎಣ್ಣೆಗೂ ಇಳಿಯಬಲ್ಲದು. ಕ್ಷಾರದಿಂದ ಶುದ್ಧಿಯಾದ ಎಣ್ಣೆಗೆ ಆ ಭಯವಿಲ್ಲ.

ನಾಲ್ಕನೆಯದು: ಪೊಟ್ಟಣದ ಬೆನ್ನು ಓದಿ

ಅಕ್ಕನ ಬಿಸ್ಕತ್ತಿನ ಹಿಂದೆ 322 ಎಂಬ ಸಂಖ್ಯೆ ಇತ್ತು. ಅದು ಲೆಸಿಥಿನ್. ಸೋಯಾ ಎಣ್ಣೆಯಿಂದ ತೆಗೆದ ಅಂಟೇ ಇದು. ನೀರನ್ನೂ ಕೊಬ್ಬನ್ನೂ ಬೆಸೆಯುತ್ತದೆ. ಕೋಳಿಮೊಟ್ಟೆಯ ಹಳದಿಯಲ್ಲೂ ಇದೆ. ಬಿಸ್ಕತ್ತು, ಚಾಕೊಲೇಟುಗಳಲ್ಲಿ ಹಾಕುವುದು ಚಿಟಿಕೆಯಷ್ಟು. ಪದಾರ್ಥಗಳ ಪಟ್ಟಿಯಲ್ಲಿ ಹೆಚ್ಚು ತೂಕದ್ದು ಮೊದಲು ಬರುತ್ತದೆ. ಆ ಪೊಟ್ಟಣದಲ್ಲಿ ಮೈದಾ, ಸಕ್ಕರೆ, ತಾಳೆ ಎಣ್ಣೆ ಮೊದಲ ಮೂರು ಸ್ಥಾನದಲ್ಲಿದ್ದವು. ಮೊಮ್ಮಗನ ಚಿಂತೆ ಇದ್ದರೆ ನೋಡಬೇಕಾದದ್ದು ಆ ಮೂರನ್ನು.

ಹೈಡ್ರೋಜನೀಕರಿಸಿದ ಎಣ್ಣೆ ಎಂದಿದ್ದರೆ ನಾನು ಕೆಳಗಿಡುತ್ತೇನೆ. ಎಣ್ಣೆಯನ್ನು ಹಾಗೆ ಗಟ್ಟಿಮಾಡುವಾಗ ಹುಟ್ಟುವ, ಹೃದಯಕ್ಕೆ ಕೆಡುಕಾದ ಟ್ರಾನ್ಸ್ ಕೊಬ್ಬು ಶೇ 2 ಮೀರಬಾರದೆಂಬ ಮಿತಿ 2022ರ ಜನವರಿಯಿಂದ ಜಾರಿಯಲ್ಲಿದ್ದರೂ ಅದನ್ನು ಬೇಕೆಂದು ತಿನ್ನುವ ಕಾರಣವಿಲ್ಲ. ಎಣ್ಣೆಯ ಪೊಟ್ಟಣದಲ್ಲಿ ಮಿಶ್ರ ಎಣ್ಣೆ ಎಂದಿದ್ದರೆ ಯಾವುದು ಎಷ್ಟು ಶೇಕಡಾ ಎಂದು ಹುಡುಕಿ. ಸೋಯಾ ಸಾಸ್‌ನಲ್ಲಿ ಸಮಸ್ಯೆ ಸೋಯಾ ಅಲ್ಲ, ಉಪ್ಪು: ಒಂದು ದೊಡ್ಡ ಚಮಚದಲ್ಲಿ ಸುಮಾರು 900 ಮಿಲಿಗ್ರಾಂ ಸೋಡಿಯಂ. ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ ಹೇಳುವ ಮಿತಿ 2000. ರಕ್ತದೊತ್ತಡ ಇರುವವರು ಗೋಬಿ ಮಂಚೂರಿಯ ಮುಂದೆ ನಿಂತಾಗ ಈ ಲೆಕ್ಕ ನೆನೆಯಲಿ.

ಸೋಯಾ ಅಲರ್ಜಿ ಇರುವವರಿಗೆ ಮಾತ್ರ ಚಿಟಿಕೆಯೂ ಮುಖ್ಯ. ಸೋಯಾ ಇದ್ದರೆ ಪೊಟ್ಟಣದ ಮೇಲೆ ಬೇರೆಯಾಗಿ ನಮೂದಿಸಲೇಬೇಕೆಂಬ ನಿಯಮವಿದೆ. ಪದಾರ್ಥಗಳ ಪಟ್ಟಿಯ ಆಸುಪಾಸಿನಲ್ಲೇ ಹುಡುಕಿ.

ಥೈರಾಯ್ಡ್ ಇರುವವರು

ಇಲ್ಲಿ ಸಂದೇಶದಲ್ಲಿ ಕಾಳಷ್ಟು ನಿಜವಿತ್ತು. ಥೈರಾಯ್ಡ್ ಕೊರತೆಗೆ ಕೊಡುವ ಲೆವೊಥೈರಾಕ್ಸಿನ್ ಮಾತ್ರೆ ದೇಹಕ್ಕೆ ಸೇರುವುದನ್ನು ಸೋಯಾ ಪ್ರೋಟೀನ್ ತಗ್ಗಿಸಬಲ್ಲದು. ಆದ್ದರಿಂದ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮಾತ್ರೆ ನುಂಗಿದವರು ಸೋಯಾ ಹಾಲು, ಮೀಲ್ ಮೇಕರ್, ಸೋಯಾ ಬೆರೆತ ಹಿಟ್ಟಿನ ರೊಟ್ಟಿಯನ್ನು ನಾಲ್ಕು ಗಂಟೆ ಬಿಟ್ಟು ತಿನ್ನಲಿ, ವೈದ್ಯರಿಗೂ ತಿಳಿಸಲಿ. ಎಣ್ಣೆಗೆ ಈ ಕಟ್ಟುಪಾಡಿಲ್ಲ. ಅಕ್ಕ ಬೆಳಗಿನ ತಿಂಡಿಗೆ ಮೀಲ್ ಮೇಕರ್ ಪಲಾವ್ ಮಾಡುತ್ತಿದ್ದರು. ಈಗ ಅದು ರಾತ್ರಿಯ ಊಟಕ್ಕೆ ಹೋಗಿದೆ. ಎಣ್ಣೆ ಹಿಂಡಿದ ಹಿಟ್ಟಿನಿಂದ ಮಾಡುವ ಮೀಲ್ ಮೇಕರ್‌ನ ತೂಕದಲ್ಲಿ ಅರ್ಧ ಪ್ರೋಟೀನ್. ಒಣಗಿದ್ದು ಒಬ್ಬರಿಗೆ 25 ಗ್ರಾಂ ಸಾಕು. ಉಪ್ಪು ಹಾಕಿದ ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಗಟ್ಟಿಯಾಗಿ ಹಿಂಡಿ, ಆಮೇಲೆ ಬೇಯಿಸಿ.